ಜ್ವರಗುಡ್ಡದ ಕೆಳಮಗ್ಗುಲು

ಪ್ರತಿ ಗುರುವಾರ ಊಟವಾದ ಮೇಲೆ ನೋರಿ ಕಿನ್ಸೆಲ್ಲ ವೃದ್ಧಾಶ್ರಮಕ್ಕೆ ಹೋಗಿ ಬಾರ್ಟಿ ಹೆಗಾರ್ಟಿಗೆ ಪತ್ರಿಕೆ ಓದಿ ಹೇಳುತ್ತಿದ್ದಳು. ಅವನಿಗೆ ತೊಂಬತ್ತೊಂದು ವರ್ಷ. ಕಣ್ಣು ಪೂರ್ತಿ ಹೋಗಿತ್ತು, ಕಿವಿ ಮಾತ್ರ ಚುರುಕು. ರೋನನ್ ಕೊಲ್ಲಿಯ ಇಗರ್ಜಿಯಲ್ಲಿ ನಲವತ್ತು ವರ್ಷ ಗಂಟೆ ಬಾರಿಸಿದವನು, ಗೋರಿಗಳಿಗೆ ಗುಂಡಿ ತೋಡಿದವನು ಅವನೇ. ಮೊದಲು ಸಾವಿನ ಸುದ್ದಿ, ಆಮೇಲೆ ಮೀನಿನ ದರ, ಕೊನೆಗೆ ಉಳಿದದ್ದು. ಅದು ಅವನ ಕ್ರಮ.

"ಈ ವಾರ ಯಾರೂ ಸತ್ತಿಲ್ಲ ಬಾರ್ಟಿಯಣ್ಣ."

"ಎಂಥ ಸೋಮಾರಿ ಊರು ಇದು. ಸರಿ, ಮುಂದೆ ಓದು."

ಮೀನಿನ ದರ ಮುಗಿಸಿ ಅವಳು ಸ್ಮಾರಕದ ಸುದ್ದಿಗೆ ಬಂದಳು. ಆಲೂಗಡ್ಡೆ ಬೆಳೆ ಕೊಳೆತ ಹಸಿವಿನ ವರ್ಷ ಐರ್ಲೆಂಡ್ ಬಿಟ್ಟು ಕಡಲು ದಾಟಿ ಬಂದು ಈ ಊರು ಕಟ್ಟಿದವರ ನೆನಪಿಗೆ, ನೂರೈವತ್ತು ವರ್ಷ ತುಂಬಿದ ಈ ಬೇಸಿಗೆಯಲ್ಲಿ, ಜ್ವರಗುಡ್ಡದ ಮೇಲೆ ಇಪ್ಪತ್ತಡಿಯ ಕಲ್ಲಿನ ಶಿಲುಬೆ. ಸೋಮವಾರ ಅಡಿಪಾಯದ ಅಗೆತ. ಆಗಸ್ಟ್‌ನಲ್ಲಿ ಐರ್ಲೆಂಡಿನ ರಾಯಭಾರಿಯಿಂದ ಉದ್ಘಾಟನೆ. ಜಾಗದ ವಿವರ ಮೊದಲ ಬಾರಿಗೆ ಅಚ್ಚಾಗಿತ್ತು: ಕಡಲಿಗೆ ಮುಖಮಾಡಿದ ಕೆಳಮಗ್ಗುಲಿನ ಮಟ್ಟಸ ನೆಲ. ಅಲ್ಲಿ ಬಿದ್ದಿದ್ದ ಬಿಳಿ ಕಲ್ಲುಗಳನ್ನು ಊರವರೇ ಆರಿಸಿ ಗುಡ್ಡೆ ಹಾಕಿದ್ದು, ಅವನ್ನು ಶಿಲುಬೆಯ ಸುತ್ತಲಿನ ಕಟ್ಟೆಗೆ ಬಳಸಲಾಗುವುದು.

ಬಾರ್ಟಿ ಹೊದಿಕೆಯ ಅಂಚನ್ನು ಬೆರಳಲ್ಲಿ ಸುತ್ತುತ್ತಿದ್ದವನು ಅದನ್ನು ಬಿಟ್ಟ.

"ಕಲ್ಲು ಎತ್ತಿದ್ದು ಯಾರು?"

"ನಾವೆಲ್ಲ. ಮೇ ತಿಂಗಳಲ್ಲಿ ಒಂದು ಶನಿವಾರ. ನಾನು ಚಹಾ, ರೊಟ್ಟಿ ತಗೊಂಡು ಹೋಗಿದ್ದೆ."

"ಯಾರೂ ಏನೂ ಅನ್ನಲಿಲ್ವಾ? ಟಾಮ್ ಶಾನಸಿ ಇದ್ದನಾ ಅಲ್ಲಿ?"

"ಇದ್ದ. ಕೈಗಾಡಿ ತಳ್ಳುತ್ತಿದ್ದ. ಯಾಕಣ್ಣ?"

ಬಾರ್ಟಿ ಅವಳ ಕೈ ಹುಡುಕಿ ಹಿಡಿದುಕೊಂಡ.

"ಅದು ಮಕ್ಕಳ ಜಾಗ ನೋರಿ. ಕೆಳಮಗ್ಗುಲು ಪೂರಾ. ನಿನ್ನ ಫಿಂಟನ್ ಹೇಳಲೇ ಇಲ್ವಾ?"

ನೋರಿ ಪತ್ರಿಕೆ ಮಡಚಿದಳು. ಇನ್ನೊಮ್ಮೆ ಮಡಚಿದಳು. ಅದು ಅವಳ ಅಂಗೈಯಗಲಕ್ಕೆ ಬಂತು.

ಅವಳಿಗೆ ಆಗ ಎಪ್ಪತ್ಮೂರು. ಹದಿನಾಲ್ಕಕ್ಕೆ ಮೀನು ಡಬ್ಬಿ ತುಂಬುವ ಕಾರ್ಖಾನೆಗೆ ಸೇರಿದವಳು, ಇಪ್ಪತ್ಮೂರಕ್ಕೆ ದೋಣಿ ಕಟ್ಟುವ ಫಿಂಟನ್ ಕಿನ್ಸೆಲ್ಲನ ಕೈ ಹಿಡಿದಳು. ಎರಡು ವರ್ಷಕ್ಕೆ ಹೆರಿಗೆಯಾಯಿತು. ಗಂಡು ಮಗು, ಉಸಿರಿರಲಿಲ್ಲ. ಒಂದೇ ಒಂದು ಉಸಿರು ಇದ್ದಿದ್ದರೂ ಸೂಲಗಿತ್ತಿ ಅದರ ನೆತ್ತಿಗೆ ನೀರು ಹಾಕಿ ದೀಕ್ಷಾಸ್ನಾನ ಮಾಡಿಸಿಬಿಡುತ್ತಿದ್ದಳು. ಆ ಒಂದು ಉಸಿರಿಲ್ಲದ್ದರಿಂದ ಮಗುವಿಗೆ ಹೆಸರಿಲ್ಲ, ಇಗರ್ಜಿಯ ನೆಲದಲ್ಲಿ ಜಾಗವಿಲ್ಲ, ಗಂಟೆಯಿಲ್ಲ, ಪುಸ್ತಕದಲ್ಲಿ ದಾಖಲೆಯಿಲ್ಲ. ಅಂಥ ಮಗುವನ್ನು ಅಪ್ಪ ಒಬ್ಬನೇ ಬೆಳಕು ಹರಿಯುವ ಮುಂಚೆ ಎತ್ತಿಕೊಂಡು ಹೋಗುತ್ತಿದ್ದ. ಎಲ್ಲಿ ಇಟ್ಟೆ ಎಂದು ತಾಯಿ ಕೇಳುವಂತಿರಲಿಲ್ಲ, ಅವನು ಹೇಳುವಂತಿರಲಿಲ್ಲ. ಫಿಂಟನ್ ಹಿಂದಿರುಗಿ ಬಂದಾಗ ಅವನ ಬೂಟಿನಲ್ಲಿ ಮರಳಿತ್ತು. ಒಲೆ ಹೊತ್ತಿಸಿ ಗಂಜಿ ಮಾಡಿ ಅವಳಿಗೆ ಕುಡಿಸಿದ. ಅಷ್ಟೇ. ಆಮೇಲೆ ಮಕ್ಕಳಾಗಲಿಲ್ಲ. ಅವರಿಬ್ಬರೂ ಆ ಮಾತನ್ನು ಮತ್ತೆ ಎತ್ತಲೂ ಇಲ್ಲ. ನಾಲ್ಕು ವರ್ಷದ ಹಿಂದೆ ಫಿಂಟನ್ ತೀರಿಕೊಂಡ.

ಜ್ವರಗುಡ್ಡ ಯಾರ ಸೊತ್ತೂ ಆಗಿರಲಿಲ್ಲ. ಹಡಗಿನಲ್ಲಿ ಜ್ವರ ಹಿಡಿದು ಬಂದವರನ್ನು ದಡಕ್ಕೆ ಇಳಿಸಿದ್ದು ಅದರ ಬುಡದಲ್ಲಿ, ಸತ್ತವರನ್ನು ಸಾಲಾಗಿ ಮಣ್ಣು ಮಾಡಿದ್ದು ಅದರ ನೆತ್ತಿಯ ಮೇಲೆ. ವರ್ಷಕ್ಕೊಂದು ಭಾನುವಾರ ಊರೆಲ್ಲ ಅಲ್ಲಿಗೆ ಹೋಗಿ ಜಪಮಾಲೆಯ ಪ್ರಾರ್ಥನೆ ಹೇಳುವ ರೂಢಿ. ಆ ದಿನ ಫಿಂಟನ್ ಪ್ರತಿ ಸಲವೂ ನೆತ್ತಿಯಲ್ಲಿದ್ದ ಎರಡು ಸ್ಪ್ರೂಸ್ ಮರಗಳ ನಡುವೆ ನಿಂತು ಟೋಪಿ ತೆಗೆಯುತ್ತಿದ್ದ. ಬೇರೆಯವರೆಲ್ಲ ಹಾಕಿಕೊಂಡ ಮೇಲೂ ಅವನು ಹಾಕಿಕೊಳ್ಳುತ್ತಿರಲಿಲ್ಲ. ನೋರಿ ಅದನ್ನು ಗಮನಿಸಿದ್ದಳು. ನಲವತ್ತು ವರ್ಷ ಅವಳು ಆ ಎರಡು ಮರಗಳ ನಡುವಿನ ಹುಲ್ಲಿಗೆ ಪ್ರಾರ್ಥನೆ ಹೇಳಿದಳು.

ಹೀಗಿರುವಾಗ ಫೆಬ್ರವರಿಯ ಸಭೆಯಲ್ಲಿ ಸ್ಮಾರಕಕ್ಕೆ ಎರಡು ಜಾಗಗಳ ಮಾತು ಬಂತು: ಮೇಲೆ ಜ್ವರದ ಗೋರಿಗಳಿಂದ ಆಚೆ ಮರಗಳ ಹತ್ತಿರ, ಇಲ್ಲವೇ ಕೆಳಗೆ ಮಟ್ಟಸದಲ್ಲಿ. ಸಮಿತಿಯ ಅಧ್ಯಕ್ಷ ವಿನ್ಸೆಂಟ್ ರೋಚ್, ನೋರಿಯ ಅಕ್ಕನ ಮಗ, ಶಾಲೆಯ ಮುಖ್ಯೋಪಾಧ್ಯಾಯ. ಅವನಿಗೆ ಮೇಲಿನ ಜಾಗವೇ ಮನಸ್ಸಿನಲ್ಲಿತ್ತು. ಯಾವ ಸಭೆಯಲ್ಲೂ ಬಾಯಿ ತೆರೆಯದ ನೋರಿ ಎದ್ದು ನಿಂತಳು. ಕೆಳಗೆ ಇಟ್ಟರೆ ದಡಕ್ಕೆ ಬರುವ ದೋಣಿಗಳಿಗೆ ಕಾಣುತ್ತೆ, ನಮ್ಮ ಹಿರಿಯರು ಬಂದದ್ದೂ ಕಡಲಿನಿಂದಲೇ ಅಲ್ಲವೇ ಎಂದಳು. ಜನ ಚಪ್ಪಾಳೆ ತಟ್ಟಿದರು. ಆ ರಾತ್ರಿ ಅವಳು ಎಷ್ಟೋ ವರ್ಷದ ಮೇಲೆ ನೆಮ್ಮದಿಯಿಂದ ನಿದ್ದೆ ಮಾಡಿದಳು, ಮಗನ ಜಾಗ ಉಳಿಸಿದೆನೆಂದು.

"ಮರದ ಹತ್ತಿರ ಅಲ್ವಾ ಅಣ್ಣ?" ಎಂದು ಈಗ ಕೇಳಿದಳು. "ಅವರು ಅಲ್ಲಿ ನಿಂತ್ಕೋತಿದ್ದರು."

"ಅಲ್ಲಿಂದ ಕೆಳಗೆ ಚೆನ್ನಾಗಿ ಕಾಣುತ್ತೆ. ಹತ್ತಿರ ಹೋದರೆ ಜನ ನೋಡ್ತಾರಲ್ಲ. ಮೇಲೆ ನಿಂತು ನೋಡೋರು, ಎಲ್ಲಾ ಅಪ್ಪಂದಿರೂ, ಟಾಮ್ ಕೂಡ. ಹೂಳಿದ ಮೇಲೆ ದಡದಿಂದ ಒಂದು ಬಿಳಿ ಕಲ್ಲು ತಂದು ಇಡೋದು. ಹೆಂಗಸರಿಗೆ ಹೇಳ್ತಿರಲಿಲ್ಲ."

"ನಮ್ಮದು ಯಾವುದು?"

"ನಾನು ಎಂದೂ ಜೊತೆಗೆ ಹೋಗಲಿಲ್ಲಮ್ಮ. ಸಲಿಕೆ ಇಗರ್ಜಿಯ ಬಾಗಿಲ ಹತ್ತಿರ ಇಟ್ಟಿರ್ತಿದ್ದೆ. ಬೆಳಗ್ಗೆ ತೊಳೆದು ವಾಪಸ್ ಇಟ್ಟಿರ್ತಿದ್ದರು."

ನೋರಿ ವೃದ್ಧಾಶ್ರಮದ ಮೆಟ್ಟಿಲು ಇಳಿಯುವಾಗ ಮೇ ತಿಂಗಳ ಆ ಶನಿವಾರ ನೆನಪಾಯಿತು. ಚಹಾ ಬಡಿಸಿ ಮುಗಿದ ಮೇಲೆ, ಸುಮ್ಮನೆ ಕೂರುವುದು ಸರಿಯಲ್ಲವೆಂದು, ತಾನೂ ಬಗ್ಗಿ ಎರಡು ಕಲ್ಲು ಎತ್ತಿ ಕೈಗಾಡಿಗೆ ಹಾಕಿದ್ದಳು.

ನೇರ ವಿನ್ಸೆಂಟನ ಮನೆಗೆ ಹೋದಳು. ಅವನು ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕೂತಿದ್ದ. ಹೇಳಬೇಕಾದ್ದನ್ನು ಹೇಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು. "ಒಂದು ವಿಷಯ ಇದೆ" ಎಂದು ಮೂರು ಸಲ ಶುರುಮಾಡಿದಳು. ಕೊನೆಗೆ ಅವನೇ ಊಹಿಸಿದ. ಅವನ ತಾಯಿ ಸಾಯುವ ಮುಂಚೆ ಅರ್ಧಂಬರ್ಧ ಹೇಳಿದ್ದಳು.

"ಚಿಕ್ಕಮ್ಮ, ಆ ಜಾಗ ನೀವೇ ಸೂಚಿಸಿದ್ದು."

"ಗೊತ್ತು ಕಣೋ."

"ಕ್ರೇನ್ ಬರ್ತಾ ಇದೆ. ಕಲ್ಲು ಬಂದಾಗಿದೆ. ರಾಯಭಾರಿ ಕಚೇರಿಯಿಂದ ಕಾಗದ ಬಂದಿದೆ. ಸರಿ, ಎಲ್ಲಿ ಅಂತ ಹೇಳಿ. ಒಂದು ಹತ್ತಡಿ ಆಕಡೆ ಈಕಡೆ ಸರಿಸೋಕೆ ನೋಡ್ತೀನಿ."

"ಅದೇ ಗೊತ್ತಿಲ್ವಲ್ಲ. ಕಲ್ಲು ಎತ್ತಿಬಿಟ್ವಿ."

"ಬಾರ್ಟಿಗೆ ಬೆಳಗ್ಗೆ ಏನು ತಿಂದೆ ಅನ್ನೋದು ಮಧ್ಯಾಹ್ನಕ್ಕೆ ನೆನಪಿರಲ್ಲ."

"ಇದು ನೆನಪಿದೆ."

ವಿನ್ಸೆಂಟ್ ಕನ್ನಡಕ ತೆಗೆದು ಒರೆಸಿದ. ಅವನು ಕೆಟ್ಟವನಲ್ಲ. ಆರು ವರ್ಷ ಈ ಸ್ಮಾರಕಕ್ಕೆಂದು ಬಾಗಿಲು ಬಾಗಿಲು ತಟ್ಟಿದ್ದ.

"ಈ ಮಾತು ಹೊರಗೆ ಬಿತ್ತು ಅಂದ್ರೆ ಸರ್ಕಾರದವರು ಬಂದು ಕೆಲಸ ನಿಲ್ಲಿಸಿ ಹಗ್ಗ ಕಟ್ಟಿಬಿಡ್ತಾರೆ. ಎರಡು ವರ್ಷ, ಮೂರು ವರ್ಷ. ಆಮೇಲೆ ಇದು ಆಗೋದೇ ಇಲ್ಲ. ಆ ಮಕ್ಕಳ ಮೇಲೆ ಒಂದು ಶಿಲುಬೆ ನಿಲ್ಲುತ್ತೆ ಅಂದ್ಕೊಳ್ಳಿ. ಅದಕ್ಕಿಂತ ಒಳ್ಳೇದು ಏನಿದೆ? ನಾಲ್ಕು ದಿನ ಸುಮ್ಮನಿರಿ ಚಿಕ್ಕಮ್ಮ."

"ಆರಡಿ ಆಳ ಅಗೀತೀಯ ವಿನ್ಸೆಂಟ್. ಮಣ್ಣು ಲಾರಿಯಲ್ಲಿ ಎಲ್ಲಿಗೆ ಹೋಗುತ್ತೆ?"

ಅವನು ನಕ್ಷೆ ಸುತ್ತತೊಡಗಿದ. ಬಂದರಿನ ಹೊಸ ರಸ್ತೆಗೆ ಹೋಗುತ್ತದೆಂದು ಊರಿಗೆಲ್ಲ ಗೊತ್ತಿತ್ತು.

ಶುಕ್ರವಾರ ಬೆಳಗ್ಗೆ ಅವಳು ಗುಡ್ಡಕ್ಕೆ ಹೋದಳು. ಮಟ್ಟಸದಲ್ಲಿ ಗೂಟ ನೆಟ್ಟು ಹಗ್ಗ ಎಳೆದಿದ್ದರು. ಕಲ್ಲು ಕೂತಿದ್ದ ಕಡೆ ಹುಲ್ಲು ಬಿಳಿಚಿಕೊಂಡಿರಬಹುದು ಎಂದು ಅವಳ ಲೆಕ್ಕ. ಆದರೆ ಜೂನ್ ತಿಂಗಳ ಮಳೆಗೆ ಎಲ್ಲ ಒಂದೇ ಹಸಿರಾಗಿತ್ತು. ಮೊಣಕಾಲೂರಿ ಅಂಗೈಯಿಂದ ನೆಲ ತಡವುತ್ತ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋದಳು. ತಗ್ಗುಗಳೇನೋ ಸಿಕ್ಕವು, ಎಲ್ಲೆಲ್ಲೂ ಸಿಕ್ಕವು. ಗುಡ್ಡದ ಬುಡದಲ್ಲಿ ಬಿಳಿ ಕಲ್ಲುಗಳ ರಾಶಿ ಒಬ್ಬ ಮನುಷ್ಯನೆತ್ತರ ಇತ್ತು. ನೋರಿ ಪ್ರಾರ್ಥಿಸಲು ನೋಡಿದಳು. ಬಾಯಿಗೆ ಬಂದದ್ದು ತಾನೇ ಹೇಳಿಕೊಡುತ್ತಿದ್ದ ಹಳೆಯ ಪಾಠ.

ಮಗು ಹೋದ ಮರುವರ್ಷದಿಂದ ಹದಿನೆಂಟು ವರ್ಷ ಅವಳು ಇಗರ್ಜಿಯಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಟ್ಟಿದ್ದಳು. ದೀಕ್ಷಾಸ್ನಾನವಿಲ್ಲದೆ ಸತ್ತ ಕೂಸುಗಳು ಎಲ್ಲಿಗೆ ಹೋಗುತ್ತವೆ? ನರಕಕ್ಕಲ್ಲ, ಸ್ವರ್ಗಕ್ಕೂ ಅಲ್ಲ. ಅಲ್ಲಿ ನೋವಿಲ್ಲ, ಅಳುವಿಲ್ಲ, ದೇವರ ಮುಖವೂ ಇಲ್ಲ. ಮಕ್ಕಳು ಒಕ್ಕೊರಲಿನಿಂದ ಹೇಳುತ್ತಿದ್ದರು. ಯಾರಾದರೂ ತಪ್ಪಿದರೆ ನೋರಿ ತಿದ್ದುತ್ತಿದ್ದಳು. ಕೆಲಸ ಬೇಡವೆನ್ನಬಹುದಿತ್ತು. ಬೇಡವೆಂದರೆ ಯಾಕೆ ಎಂದು ಯಾರಾದರೂ ಕೇಳಿದರೆ ಎಂಬ ಹೆದರಿಕೆ.

ಶನಿವಾರ ಪಾಪನಿವೇದನೆಗೆ ಹೋದಳು. ಫಾದರ್ ಡೆಸ್ಮಂಡ್ ಊರಿಗೆ ಬಂದು ಒಂದು ವರ್ಷವಾಗಿತ್ತಷ್ಟೆ. ಮೂವತ್ತೈದರ ಪ್ರಾಯ. ಜಾಲರಿಯ ಆಚೆಯಿಂದ ಅವರು ಕಿವಿಗೊಟ್ಟು ಕೇಳಿಸಿಕೊಂಡರು. ಎತ್ತಿದ ಎರಡು ಕಲ್ಲು, ಸಭೆಯಲ್ಲಿ ಆಡಿದ ಮಾತು, ಹದಿನೆಂಟು ವರ್ಷದ ಪಾಠ, ಎಲ್ಲವನ್ನೂ ಅವಳು ಪಾಪವೆಂದೇ ಹೇಳಿದಳು.

"ಅಮ್ಮ, ಆ ಪಾಠ... ಇಗರ್ಜಿ ಈಗ ಅದನ್ನ ಒತ್ತಿ ಹೇಳೋದಿಲ್ಲ. ಅಂಥ ಮಕ್ಕಳನ್ನ ದೇವರ ಕರುಣೆಗೆ ಒಪ್ಪಿಸಿ ಅಂತೀವಿ. ಅವರಿಗೂ ಅಂತ್ಯಕ್ರಿಯೆಯ ಪ್ರಾರ್ಥನೆ ಇದೆ."

"ಯಾವಾಗಿಂದ ಫಾದರ್?"

"ಬಹಳ ವರ್ಷ ಆಯ್ತು. ನಾನು ಹುಡುಗ ಆಗಿದ್ದಾಗಿಂದ."

"ನಮಗೆ ಯಾರೂ ಹೇಳಲಿಲ್ಲ."

ಜಾಲರಿಯ ಆಚೆ ಫಾದರ್ ತಲೆ ತಗ್ಗಿಸಿದರು.

"ನೀವು ಹೇಳಿದ್ರೆ ನಿಲ್ಲುತ್ತೆ ಫಾದರ್," ಎಂದಳು ನೋರಿ. "ವಿನ್ಸೆಂಟ್ ನಿಮ್ಮ ಮಾತು ಕೇಳ್ತಾನೆ."

"ಇಲ್ಲಿ ಕೇಳಿದ್ದನ್ನ ನಾನು ಹೊರಗೆ ಆಡೋ ಹಾಗಿಲ್ಲ, ನಿಮಗೆ ಗೊತ್ತಲ್ಲ. ನೀವೇ ಹೊರಗೆ ಹೇಳಿಬಿಡಿ. ನಾಳೆ ಪೂಜೆ ಆದ ಮೇಲೆ ಎಲ್ಲರೂ ಇರ್ತಾರೆ. ಆಮೇಲೆ ನಾನೂ ನಿಮ್ಮ ಪಕ್ಕ ನಿಲ್ತೀನಿ."

ಭಾನುವಾರ ಪೂಜೆಯ ಕೊನೆಗೆ ವಿನ್ಸೆಂಟ್ ಪ್ರಕಟಣೆ ಓದಿದ. ನಾಳೆ ಎಂಟಕ್ಕೆ ಕೆಲಸ ಶುರು, ಎಲ್ಲರೂ ಬನ್ನಿ. ಓದಿ ಮುಗಿಸಿ ಚಿಕ್ಕಮ್ಮನ ಕಡೆ ನೋಡಿದ. ಫಾದರ್ ಕೂಡ ನೋಡಿದರು. ನೋರಿ ಮುಂದಿನ ಬೆಂಚನ್ನು ಹಿಡಿದು ಎದ್ದಳು. ಮುನ್ನೂರು ಜನ. ಅರ್ಧದಷ್ಟು ಜನ ಅವಳ ಕೈಯಲ್ಲೇ ಪಾಠ ಕಲಿತವರು. ಎದ್ದವಳು ಕೆಮ್ಮಿದಳು, ಕೈಚೀಲ ತೆಗೆದುಕೊಂಡು ಮೆಲ್ಲನೆ ಬಾಗಿಲ ಕಡೆ ನಡೆದುಬಿಟ್ಟಳು.

ಹೊರಗೆ ಮೆಟ್ಟಿಲ ಮೇಲೆ ಟಾಮ್ ಶಾನಸಿಯ ಹೆಂಡತಿ ಟೆರೇಸಾ ಹಿಂದಿನಿಂದ ಕೂಗಿದಳು: "ನೋರಿ, ನಾಳೆ ನಿನ್ನ ರೊಟ್ಟಿ ಉಂಟು ತಾನೆ? ಕಳೆದ ಸಲ ನಮ್ಮ ಯಜಮಾನರು ನಾಲ್ಕು ತಿಂದು ಮನೇಲಿ ನನ್ನ ರೊಟ್ಟಿನ ಕಲ್ಲು ಅಂದ್ರು."

"ತರ್ತೀನಿ," ಎಂದಳು ನೋರಿ.

ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಂಡನ ಮೇಲೆ ಆಗ ಮೊದಲ ಬಾರಿಗೆ ಸಿಟ್ಟು ಬಂತು. ಒಂದು ಮಾತು, ಸಾಯುವ ದಿನವಾದರೂ. ಆದರೆ ತಾನು ಕೇಳಿದ್ದಳೇ? ಕೇಳಿದ್ದರೆ ಹೇಳುತ್ತಿದ್ದನೋ ಏನೋ. ಸಿಟ್ಟು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮತ್ತೆ ಅವಳ ಮೇಲೆಯೇ ಬಂದು ಕೂತಿತು.

ಸೋಮವಾರ ಏಳೂವರೆಗೆ ಅವಳು ರೊಟ್ಟಿಯ ಬುಟ್ಟಿ ಹಿಡಿದು ಗುಡ್ಡ ಹತ್ತಿ, ಹಗ್ಗ ದಾಟಿ, ಚೌಕದ ನಟ್ಟನಡುವೆ ಕೂತಳು. ಅಗೆಯುವ ಯಂತ್ರ ಕೋಲ್ಮನ್ ವಾಲ್ಷ್‌ನದು. ನಲವತ್ತರ ದಢೂತಿ ಮನುಷ್ಯ, ಮಾತಿಗೊಮ್ಮೆ ನಗುವವನು.

"ನೋರಿಯಮ್ಮ, ಅಲ್ಲಿ ಕೂತ್ರೆ ಅಡಿಪಾಯಕ್ಕೆ ನಿಮ್ಮನ್ನೇ ಹಾಕಬೇಕಾಗುತ್ತೆ."

"ಹಾಕು."

ಅವನು ನಕ್ಕ. ಅವಳು ನಗದಿದ್ದದ್ದು ನೋಡಿ ಯಂತ್ರ ನಿಲ್ಲಿಸಿದ. ಅಷ್ಟರಲ್ಲಿ ಜನ ಸೇರತೊಡಗಿದರು. ವಿನ್ಸೆಂಟ್ ಓಡೋಡುತ್ತ ಬಂದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು ತಗ್ಗಿದ ದನಿಯಲ್ಲಿ, "ಚಿಕ್ಕಮ್ಮ, ಬೇಡ. ಎಲ್ಲರ ಮುಂದೆ ಬೇಡ. ಕೈ ಮುಗೀತೀನಿ," ಎಂದ.

"ನಿನ್ನೆ ನನ್ನಿಂದ ಆಗಲಿಲ್ಲ," ಎಂದಳು ನೋರಿ. ಆಮೇಲೆ ಜನರ ಕಡೆ ತಿರುಗಿದಳು. ದೊಡ್ಡದಾಗಿ ಹೇಳಲು ಹೋಗಿ ಹೊರಟದ್ದು ಸಣ್ಣ ದನಿ. "ಇಲ್ಲಿ ನನ್ನ ಮಗ ಇದಾನೆ."

ನಲವತ್ತೆಂಟು ವರ್ಷದಲ್ಲಿ ಆ ಎರಡು ಪದ ಅವಳ ಬಾಯಿಂದ ಹೊರಗೆ ಬಂದದ್ದು ಅದೇ ಮೊದಲು.

"ಅವಳಿಗೆ ಮಕ್ಕಳೇ ಆಗಲಿಲ್ವಲ್ಲ," ಎಂದು ಯಾರೋ ಹಿಂದೆ ಪಿಸುಗುಟ್ಟಿದರು. ಟಾಮ್ ಶಾನಸಿ ಕಡಲಿನ ಕಡೆ ಮುಖ ತಿರುಗಿಸಿ ನಿಂತುಬಿಟ್ಟ.

"ಎಲ್ಲಿ ಅಂತ ತೋರಿಸಲಿ," ಎಂದ ಇನ್ನೊಬ್ಬ. "ಇಡೀ ಗುಡ್ಡ ತನ್ನ ಮಗ ಅಂದ್ರೆ ಹೇಗೆ?"

ಕೋಲ್ಮನ್ ಯಂತ್ರದಿಂದ ಇಳಿದು ಸಲಿಕೆ ತೆಗೆದುಕೊಂಡ. "ಯಜಮಾನ್ರೇ, ಯಂತ್ರ ಬೇಡ. ಕೈಯಲ್ಲಿ ಒಂದಷ್ಟು ನೋಡ್ತೀನಿ. ನನಗೇನು, ದಿನದ ಲೆಕ್ಕ. ನಿಧಾನ ಮಾಡಿದಷ್ಟೂ ಒಳ್ಳೇದೇ."

ವಿನ್ಸೆಂಟ್ ಗಡಿಯಾರ ನೋಡಿ, "ಮಧ್ಯಾಹ್ನದವರೆಗೆ," ಎಂದ.

ಕೋಲ್ಮನ್ ಹುಲ್ಲು ಹೆಂಟೆಹೆಂಟೆಯಾಗಿ ಎತ್ತಿ ಬದಿಗಿಟ್ಟ. ಮೊಣಕಾಲಾಳ ತೋಡಿದ. ಹಳದಿ ಮರಳು, ಇನ್ನೂ ಹಳದಿ ಮರಳು. ಎರಡನೇ ಕಡೆ ತೋಡಿದ. ಮೂರನೇ ಕಡೆ. ಪ್ರತಿ ಸಲಿಕೆಯ ಮರಳನ್ನೂ ನೋರಿ ಬೆರಳಲ್ಲಿ ಹರಡಿ ನೋಡುತ್ತಿದ್ದಳು. ಜನ ತಾವೇ ಬುಟ್ಟಿ ಬಿಚ್ಚಿ ರೊಟ್ಟಿ ತಿಂದರು, ಕೆಲವರು ಮನೆಗೆ ಹೋದರು. ಹನ್ನೊಂದೂವರೆಗೆ ವಿನ್ಸೆಂಟ್ ಬಂದು ಅವಳ ಭುಜ ಮುಟ್ಟಿದ.

"ಸಾಕು ಚಿಕ್ಕಮ್ಮ. ಬಾರ್ಟಿಗೆ ವಯಸ್ಸಾಯ್ತು."

"ಆ ಮೂಲೆ ಒಂದು," ಎಂದಳು. ಅವಳಿಗೆ ಯಾವ ಮೂಲೆಯೂ ಗೊತ್ತಿರಲಿಲ್ಲ. ಕಡಲಿಗೆ ಹತ್ತಿರದ್ದನ್ನು ತೋರಿಸಿದ್ದಳು, ಅಷ್ಟೇ.

ಅಲ್ಲಿ ಎರಡಡಿ ಆಳದಲ್ಲಿ ಮರಳಿನ ಬಣ್ಣ ತಿರುಗಿತು. ಮೊಳದುದ್ದದ ಕಪ್ಪು ಮಚ್ಚೆ, ನಾಲ್ಕು ಮೂಲೆ ನೆಟ್ಟಗಿತ್ತು. ಮೂಳೆ ಇರಲಿಲ್ಲ, ಮರ ಇರಲಿಲ್ಲ, ಆ ಹುಳಿ ಮಣ್ಣು ಎಲ್ಲವನ್ನೂ ತಿಂದಿತ್ತು. ಅಂಚಿನಲ್ಲಿ ಒಂದರ ಪಕ್ಕ ಒಂದು ಹಸಿರುಗಟ್ಟಿದ ಮೊಳೆಗಳು. ಕೋಲ್ಮನ್ ಒಂದನ್ನು ಎತ್ತಿ ಅಂಗೈಯಲ್ಲಿ ತಿರುಗಿಸಿದ.

"ತಾಮ್ರದ್ದು. ಇದು ದೋಣಿ ಮೊಳೆ ಅಲ್ವಾ?"

ನೋರಿ ಅವನ ಕೈಯಿಂದ ಇಸಿದುಕೊಂಡಳು. ಆ ಊರಲ್ಲಿ ತಾಮ್ರದ ಮೊಳೆ ಹೊಡೆಯುತ್ತಿದ್ದವನು ಒಬ್ಬನೇ. ಮನೆಯ ಕಪಾಟಿನಲ್ಲಿ ಇನ್ನೂ ಒಂದು ಡಬ್ಬಿ ಇತ್ತು.

"ಫಿಂಟನ್," ಎಂದಳು. "ಇದೇ. ಇವನೇ." ಅವಳು ಗುಂಡಿಯ ಅಂಚಿನಲ್ಲಿ ಬೋರಲಾಗಿ ಮಲಗಿ ಆ ಮಚ್ಚೆಯ ಮೇಲೆ ಅಂಗೈ ಇಟ್ಟಳು. ವಿನ್ಸೆಂಟ್ ಟೋಪಿ ತೆಗೆದ.

ಕೋಲ್ಮನ್ ಗುಂಡಿಯ ಬದಿ ಕೆರೆದು ಅಗಲ ಮಾಡುತ್ತಿದ್ದವನು ನಿಂತ. ಒಂದು ಗೇಣು ಬಿಟ್ಟು ಇನ್ನೊಂದು ಮಚ್ಚೆ. ಅದಕ್ಕೂ ಹಸಿರು ಮೊಳೆ. ಅದರಾಚೆ ಇನ್ನೊಂದು. ಅದಕ್ಕೂ. ಏಳರವರೆಗೆ ತೆಗೆದು ಅವನು ಸಲಿಕೆ ಕೆಳಗಿಟ್ಟ. ಸಾಲು ಹಗ್ಗದ ಆಚೆಗೂ ಹುಲ್ಲಿನಡಿ ಹೋಗುತ್ತಿತ್ತು.

ಆಗ ನೋರಿಗೆ ತಿಳಿಯಿತು. ಪೆಟ್ಟಿಗೆಗಳೆಲ್ಲ ಫಿಂಟನ್ನನ ಕೈಯವೇ. ಊರಿನ ಅಪ್ಪಂದಿರೆಲ್ಲ ಬಂದದ್ದು ಅವನ ಬಳಿಗೇ. ಅಂಥ ದಿನಗಳಲ್ಲಿ ಅವನು ದೋಣಿಯ ಕೊಟ್ಟಿಗೆಯಿಂದ ತಡವಾಗಿ ಬಂದು, ಊಟ ಬೇಡವೆಂದು ಮಲಗುತ್ತಿದ್ದ. ದುಬಾರಿ ಮೊಳೆಯನ್ನೇ ಹೊಡೆದಿದ್ದ, ತನ್ನ ಮಗನಿಗೂ ಬೇರೆಯವರ ಮಕ್ಕಳಿಗೂ ಭೇದವಿಲ್ಲದೆ. ಅವಳು ಅಂಗೈ ಇಟ್ಟದ್ದು ಯಾರ ಮಗುವಿನ ಮೇಲೋ.

ವಿನ್ಸೆಂಟ್ ಕೆಳಗಿಳಿದು ಹೋಗಿ ಫೋನ್ ಮಾಡಿ ಬಂದ. ನಾಳೆ ಸರ್ಕಾರದವರು ಬರುತ್ತಾರೆ, ಅಲ್ಲಿಯವರೆಗೆ ಏನನ್ನೂ ಮುಟ್ಟಬಾರದು ಎಂದ. ಶಿಲುಬೆಯ ಮಾತು ಇನ್ನು ಈ ವರ್ಷಕ್ಕಿಲ್ಲ. "ಇಷ್ಟು ವರ್ಷ ಸುಮ್ಮನಿದ್ದೋಳಿಗೆ ಇನ್ನೊಂದು ದಿನ ಇರೋಕಾಗಲಿಲ್ಲ," ಎಂದು ಒಬ್ಬ ಗಟ್ಟಿಯಾಗಿಯೇ ಹೇಳಿ ಗುಡ್ಡ ಇಳಿದ. ಇನ್ನೂ ನಾಲ್ಕೈದು ಜನ ಅವನ ಹಿಂದೆ ಹೋದರು. ಟೆರೇಸಾ ಶಾನಸಿ ಖಾಲಿ ಬುಟ್ಟಿ ಹಿಡಿದು ಗಂಡನನ್ನೇ ನೋಡುತ್ತಿದ್ದಳು. ಅವನು ಕಡಲಿನಿಂದ ಮುಖ ತಿರುಗಿಸಲೇ ಇಲ್ಲ.

ಫಾದರ್ ಡೆಸ್ಮಂಡ್ ಸುದ್ದಿ ಕೇಳಿ ತೀರ್ಥದ ಪಾತ್ರೆ ಹಿಡಿದು ಏದುಸಿರು ಬಿಡುತ್ತ ಹತ್ತಿ ಬಂದರು. ಗುಂಡಿಯ ಅಂಚಿನಲ್ಲಿ ನಿಂತು ನೋರಿಯನ್ನು ಕೇಳಿದರು: "ನಿಮ್ಮದು ಯಾವುದಮ್ಮ? ಅಲ್ಲಿಂದ ಶುರುಮಾಡ್ತೀನಿ."

"ಗೊತ್ತಿಲ್ಲ ಫಾದರ್. ಈ ಏಳರಲ್ಲಿ ಇದಾನೋ ಇಲ್ವೋ, ಅದೂ ಗೊತ್ತಿಲ್ಲ. ಆ ತುದಿಯಿಂದ ಬನ್ನಿ. ಒಂದನ್ನೂ ಬಿಡಬೇಡಿ."

ಫಾದರ್ ಮೊದಲನೆಯದರ ಬಳಿ ಪ್ರಾರ್ಥನೆ ಹೇಳಿದರು. ಹೆಸರು ಬರಬೇಕಾದ ಜಾಗ ಬಂದಾಗ ನಿಲ್ಲಿಸಿ ಜನರ ಕಡೆ ನೋಡಿದರು. ಜನ ನೆಲ ನೋಡಿದರು.

ಮೊದಲ ಮಗನಿಗೆ ಗಂಡನ ಅಪ್ಪನ ಹೆಸರಿಡುವುದು ಅವರ ಪದ್ಧತಿ. ನೋರಿ ಎಂದೂ ಗಟ್ಟಿಯಾಗಿ ಕರೆಯದ ಆ ಹೆಸರನ್ನು ಹೇಳಿದಳು: "ಐಡನ್."

ಫಾದರ್ ಅದನ್ನು ಸೇರಿಸಿ ಮುಗಿಸಿ ನೀರು ಚಿಮುಕಿಸಿದರು. ಎರಡನೆಯದರ ಬಳಿಯೂ ನಿಲ್ಲಿಸಿದರು. "ಐಡನ್," ಎಂದಳು. ಅವರು ಅವಳ ಮುಖ ನೋಡಿ ಅದೇ ಹೆಸರಲ್ಲಿ ಪ್ರಾರ್ಥನೆ ಮುಗಿಸಿದರು. ಮೂರನೆಯದಕ್ಕೂ ಅದೇ, ನಾಲ್ಕನೆಯದಕ್ಕೂ ಅದೇ. ಐದನೆಯದರ ಹೊತ್ತಿಗೆ ಅವಳ ದನಿ ಒಡೆದು ಮಾತು ಹೊರಡದಾಯಿತು. ಫಾದರ್ ಕಾದರು. ಕೋಲ್ಮನ್ ಅವಳ ಮೊಣಕೈ ಹಿಡಿದುಕೊಂಡ. ಅವಳು ಮತ್ತೆ ಹೇಳಿದಳು.